ಅಲ್ಗಾರಿದಮ್, ಫ್ಲೋಚಾರ್ಟ್, ಸೂಡೋಕೋಡ್

ಒಂದು ಸಮಸ್ಯೆಯನ್ನು ಬಿಡಿಸಲು ಯಾವ ಕೆಲಸವನ್ನು ಯಾವುದರ ನಂತರ ಮಾಡಬೇಕು ಎಂಬುದನ್ನು ಎರಡರ್ಥಕ್ಕೆ ಎಡೆಗೊಡದೆ ಹೇಳುವ, ಮಿತವಾದ ಹಂತಗಳಲ್ಲಿ ಮುಗಿಯುವ ವಿಧಾನಕ್ಕೆ ಅಲ್ಗಾರಿದಮ್ ಎಂದು ಹೆಸರು. ಕನ್ನಡದಲ್ಲಿ ಕ್ರಮಾವಳಿ, ಕ್ರಮವಿಧಿ ಎಂಬ ಪದಗಳೂ ಬಳಕೆಯಲ್ಲಿವೆ. ಈ ವಿಧಾನವನ್ನು ಗೊತ್ತಾದ ಆಕೃತಿಗಳು ಮತ್ತು ಬಾಣಗಳಿಂದ ಚಿತ್ರಿಸಿದರೆ ಅದು ಫ್ಲೋಚಾರ್ಟ್ ಅಥವಾ ಹರಿವಿನ ನಕ್ಷೆ. ಪ್ರೋಗ್ರಾಮಿನ ಕಟ್ಟನ್ನು ಉಳಿಸಿಕೊಂಡು, ಯಾವ ಪ್ರೋಗ್ರಾಮಿಂಗ್ ಭಾಷೆಯ ವ್ಯಾಕರಣಕ್ಕೂ ಒಳಪಡದೆ ಸರಳ ಸಾಲುಗಳಲ್ಲಿ ಬರೆದರೆ ಅದು ಸೂಡೋಕೋಡ್.

ಗಾರೆ ಕೆಲಸ ಬಲ್ಲವರಿಗೆ ‘ಜಗಲಿಗೆ ಟೈಲ್ಸ್ ಹಾಕಿ, ಒಂದನ್ನೂ ಕತ್ತರಿಸಬೇಡಿ’ ಎಂದರೆ ಸಾಕು. ಅಳತೆ ತೆಗೆಯುವುದು, ಯಾವ ಗಾತ್ರ ಸರಿಹೊಂದುತ್ತದೆಂದು ನೋಡುವುದು, ಹೊಂದದಿದ್ದರೆ ಬಂದು ಕೇಳುವುದು, ಹೀಗೆ ಹೇಳದೆ ಬಿಟ್ಟದ್ದನ್ನೆಲ್ಲ ಅವರ ಅನುಭವ ತುಂಬಿಕೊಳ್ಳುತ್ತದೆ. ಕಂಪ್ಯೂಟರಿಗೆ ಆ ಅನುಭವವಿಲ್ಲ. ಹೇಳಿದ್ದನ್ನಷ್ಟೇ, ಹೇಳಿದ ಕ್ರಮದಲ್ಲೇ ಮಾಡುತ್ತದೆ. ಹಾಗಾಗಿ ಪ್ರೋಗ್ರಾಮಿಂಗ್ ಕಲಿಯುವವರ ಮೊದಲ ಕೆಲಸ, ಸಾಮಾನ್ಯಜ್ಞಾನ ಸದ್ದಿಲ್ಲದೆ ತುಂಬುತ್ತಿದ್ದ ತೆರಪುಗಳನ್ನು ಹುಡುಕಿ ಕಾಗದದ ಮೇಲೆ ಇಳಿಸುವುದು. ಯಂತ್ರ ಎಡವುವ ಮೊದಲೇ ಆ ತೆರಪುಗಳನ್ನು ಕಣ್ಣಿಗೆ ಕಾಣಿಸುವ ಸಾಧನಗಳು ಫ್ಲೋಚಾರ್ಟ್ ಮತ್ತು ಸೂಡೋಕೋಡ್.

ಹೆಸರಿನ ಮೂಲ

ಅಲ್ಗಾರಿದಮ್ ಎಂಬ ಪದ ಹುಟ್ಟಿದ್ದು ಒಬ್ಬ ವ್ಯಕ್ತಿಯ ಹೆಸರಿನಿಂದ. ಮುಹಮ್ಮದ್ ಇಬ್ನ್ ಮೂಸಾ ಅಲ್-ಖ್ವಾರಿಜ್ಮಿ (ಸು. 780–850) ಬಾಗ್ದಾದಿನಲ್ಲಿ ಖಲೀಫ ಅಲ್-ಮಾಮೂನನ ಆಶ್ರಯದಲ್ಲಿದ್ದ ಗಣಿತಜ್ಞ, ಮನೆತನದ ಬೇರು ಅರಲ್ ಸಮುದ್ರದ ದಕ್ಷಿಣಕ್ಕಿರುವ ಖ್ವಾರಿಜ್ಮ್ ಪ್ರಾಂತ. ಭಾರತೀಯ ಅಂಕಿಗಳಿಂದ ಲೆಕ್ಕ ಮಾಡುವ ಬಗೆಯನ್ನು ಕುರಿತ ಈತನ ಅರಬ್ಬಿ ಕೃತಿ 12ನೆಯ ಶತಮಾನದಲ್ಲಿ ಲ್ಯಾಟಿನ್ನಿಗೆ ಅನುವಾದವಾದಾಗ ಕರ್ತೃವಿನ ಹೆಸರು ‘ಅಲ್ಗೊರಿಟ್ಮಿ’ ಎಂದಾಯಿತು. ಯುರೋಪಿನಲ್ಲಿ ಆ ಪದಕ್ಕೆ ಮೊದಲಿಗಿದ್ದ ಅರ್ಥ, ಸೊನ್ನೆ ಸೇರಿದ ಹತ್ತು ಅಂಕಿಗಳಿಂದ ಕೂಡುವ, ಕಳೆಯುವ, ಗುಣಿಸುವ, ಭಾಗಿಸುವ ರೀತಿ ಎಂಬಷ್ಟೇ. ಪ್ರಾಥಮಿಕ ಶಾಲೆಯಲ್ಲಿ ದಶಕವನ್ನು ಎಡಕ್ಕೆ ಒಯ್ದು ಕೂಡುವ ಲೆಕ್ಕವೇ ಮೂಲಾರ್ಥದ ಅಲ್ಗಾರಿದಮ್. ಈತನ ಇನ್ನೊಂದು ಕೃತಿಯ ಶೀರ್ಷಿಕೆಯಲ್ಲಿದ್ದ ‘ಅಲ್-ಜಬ್ರ್’ನಿಂದ ಆಲ್ಜೀಬ್ರ ಎಂಬ ಪದ ಬಂತು.

ಕಂಪ್ಯೂಟರಿಗೆ ಮೊದಲು

ಹೆಸರಿಗಿಂತ ವಿಷಯ ಹಳೆಯದು. ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನವನ್ನು (ಮ.ಸಾ.ಅ.) ಕಂಡುಹಿಡಿಯುವ ಕ್ರಮವನ್ನು ಯೂಕ್ಲಿಡ್ ಕ್ರಿ.ಪೂ. 300ರ ಸುಮಾರಿಗೆ ‘ಎಲಿಮೆಂಟ್ಸ್’ ಗ್ರಂಥದ ಏಳನೆಯ ಪುಸ್ತಕದಲ್ಲಿ ವಿವರಿಸಿದ. ಭಾರತದಲ್ಲಿ ‘ಆರ್ಯಭಟೀಯ’ದ (499) ಗಣಿತಪಾದ ವರ್ಗಮೂಲ, ಘನಮೂಲಗಳನ್ನು ಅಂಕಿ ಅಂಕಿಯಾಗಿ ತೆಗೆಯುವ ಕ್ರಮವನ್ನು ಸೂತ್ರಗಳಲ್ಲಿ ಹೇಳುತ್ತದೆ. ಅನಿರ್ಧಾರಿತ ಸಮೀಕರಣಗಳನ್ನು ಬಿಡಿಸಲು ಆರ್ಯಭಟ ಕೊಟ್ಟ ವಿಧಾನಕ್ಕೆ ‘ಕುಟ್ಟಕ’ ಎಂಬ ಹೆಸರು ನಿಂತಿತು. ಕನ್ನಡದ ‘ಕುಟ್ಟು’ ಕ್ರಿಯಾಪದವನ್ನು ಬಲ್ಲವರಿಗೆ ಅದರ ಇಂಗಿತ ಹೊಳೆಯುತ್ತದೆ: ದೊಡ್ಡ ಸಂಖ್ಯೆಗಳನ್ನು ಒಂದರಿಂದೊಂದು ಭಾಗಿಸುತ್ತ, ಕುಟ್ಟಿ ಪುಡಿಮಾಡಿದಂತೆ ಚಿಕ್ಕದಾಗಿಸುತ್ತ ಹೋಗುವ ಕ್ರಮವದು.

ಛಂದಶ್ಶಾಸ್ತ್ರದಲ್ಲೂ ಇಂಥದೇ ಚಿಂತನೆಯಿದೆ. ಪಿಂಗಳನ ‘ಪ್ರಸ್ತಾರ’ವು ಇಂತಿಷ್ಟು ಅಕ್ಷರಗಳಲ್ಲಿ ಬರಬಹುದಾದ ಲಘು-ಗುರು ವಿನ್ಯಾಸಗಳನ್ನು ಒಂದೂ ತಪ್ಪದಂತೆ, ಒಂದೂ ಎರಡು ಸಲ ಬರದಂತೆ ಪಟ್ಟಿ ಮಾಡುವ ನಿಯಮ. ಮೂರು ಅಕ್ಷರಗಳಿಗೆ ಅದನ್ನು ಅನ್ವಯಿಸಿದರೆ ಸಿಗುವುದು ಎಂಟು ಅಕ್ಷರಗಣಗಳು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ಒಂಬತ್ತನೆಯ ಶತಮಾನದ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗಳನ್ನು ಕೂಡಲು ‘ನಿರುದ್ಧ’ವನ್ನು, ಅಂದರೆ ಲಘುತಮ ಸಾಮಾನ್ಯ ಅಪವರ್ತ್ಯವನ್ನು ಬಳಸುವ ಕ್ರಮವನ್ನು ವಿವರಿಸಿದ. 12ನೆಯ ಶತಮಾನದ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮುಂತಾದ ಕೃತಿಗಳಲ್ಲಿ ಲೆಕ್ಕದ ಸೂತ್ರಗಳನ್ನು ಕನ್ನಡದಲ್ಲೇ ಬರೆದ.

ಯಂತ್ರವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಕ್ರಮಗಳಲ್ಲಿ ಹೆಸರಾದದ್ದು 1843ರದು. ಚಾರ್ಲ್ಸ್ ಬ್ಯಾಬೇಜ್ ಯೋಜಿಸಿದ್ದ, ಎಂದೂ ಪೂರ್ತಿಯಾಗದ ಅನಲಿಟಿಕಲ್ ಎಂಜಿನ್ನಿನಲ್ಲಿ ಬರ್ನೂಲಿ ಸಂಖ್ಯೆಗಳನ್ನು ಲೆಕ್ಕಹಾಕುವ ಬಗೆಯನ್ನು ಏಡಾ ಲವ್‌ಲೇಸ್ ಕೋಷ್ಟಕವಾಗಿ ಪ್ರಕಟಿಸಿದಳು. ಅಚ್ಚಾದ ಆ ಕೋಷ್ಟಕದ ಒಂದು ಭಾಗಾಕಾರದಲ್ಲಿ ಭಾಜ್ಯ-ಭಾಜಕಗಳು ಅದಲುಬದಲಾಗಿವೆ; ಕ್ರಮ ಬರೆಯುವ ಕೆಲಸದಷ್ಟೇ ಹಳೆಯದು ಅದರಲ್ಲಿ ನುಸುಳುವ ತಪ್ಪು. ‘ಲೆಕ್ಕ ಹಾಕಬಲ್ಲದ್ದು’ ಎಂದರೇನು ಎಂಬುದಕ್ಕೆ ಖಚಿತವಾದ ಗಣಿತೀಯ ಉತ್ತರ ಸಿಕ್ಕಿದ್ದು 1936ರಲ್ಲಿ, ಅಲೋಂಜೊ ಚರ್ಚ್ ಮತ್ತು ಅಲನ್ ಟ್ಯೂರಿಂಗ್ ಬೇರೆ ಬೇರೆಯಾಗಿ ಬರೆದ ಪ್ರಬಂಧಗಳಿಂದ.

ಲಕ್ಷಣಗಳು

ಡೊನಾಲ್ಡ್ ಕನೂತ್ 1968ರಲ್ಲಿ ಪ್ರಕಟಿಸಿದ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್’ನ ಮೊದಲ ಸಂಪುಟ ಯೂಕ್ಲಿಡನ ಕ್ರಮದಿಂದಲೇ ಶುರುವಾಗುತ್ತದೆ. ಅಲ್ಲಿ ಅಲ್ಗಾರಿದಮಿಗೆ ಹೇಳಿರುವ ಐದು ಲಕ್ಷಣಗಳು ಇಂದಿಗೂ ಪಠ್ಯಪುಸ್ತಕಗಳಿಗೆ ಆಧಾರ:

1. ಸಾಂತತೆ: ಎಷ್ಟು ಹೊತ್ತಾದರೂ ಸರಿ, ಒಂದು ಹಂತದಲ್ಲಿ ಮುಗಿಯಲೇಬೇಕು.
2. ಸ್ಪಷ್ಟತೆ: ಪ್ರತಿ ಹಂತಕ್ಕೂ ಒಂದೇ ಅರ್ಥವಿರಬೇಕು.
3. ಆದಾನ: ಹೊರಗಿನಿಂದ ಪಡೆಯುವ ಮಾಹಿತಿ, ಕೆಲವೊಮ್ಮೆ ಇದು ಇಲ್ಲದೆಯೂ ಇರಬಹುದು.
4. ಪ್ರದಾನ: ಕನಿಷ್ಠ ಒಂದು ಫಲಿತಾಂಶ.
5. ಕಾರ್ಯಸಾಧ್ಯತೆ: ಪ್ರತಿ ಹಂತವೂ ಕಾಗದ-ಪೆನ್ಸಿಲ್ ಹಿಡಿದು ಮಾಡಬಹುದಾದಷ್ಟು ಸರಳವಾಗಿರಬೇಕು.

ಇವುಗಳಲ್ಲಿ ಸಾಂತತೆ ಮೇಲುನೋಟಕ್ಕೆ ಸುಲಭವೆನಿಸಿದರೂ ಮೋಸಗೊಳಿಸುವಂಥದು. ಒಂದು ಸಂಖ್ಯೆಯನ್ನು ತೆಗೆದುಕೊಳ್ಳಿ. ಸಮವಾದರೆ ಅರ್ಧ ಮಾಡಿ, ಬೆಸವಾದರೆ ಮೂರರಿಂದ ಗುಣಿಸಿ ಒಂದು ಸೇರಿಸಿ. 1 ಬಂದಾಗ ನಿಲ್ಲಿಸಿ. 6ರಿಂದ ಹೊರಟರೆ 3, 10, 5, 16, 8, 4, 2, 1 ಎಂದು ಎಂಟು ಹೆಜ್ಜೆಗಳಲ್ಲಿ ಮುಗಿಯುತ್ತದೆ. 27ರಿಂದ ಹೊರಟರೆ 9,232ರವರೆಗೆ ಏರಿ, 111 ಹೆಜ್ಜೆಗಳ ನಂತರ 1ಕ್ಕೆ ಇಳಿಯುತ್ತದೆ. ಎಲ್ಲ ಸಂಖ್ಯೆಗಳಿಗೂ ಇದು ನಿಲ್ಲುತ್ತದೆಂದು ಇದುವರೆಗೆ ಯಾರೂ ಸಾಧಿಸಿಲ್ಲ. ಕೊಲಾಟ್ಸ್ ಊಹೆ ಎಂಬ ಈ ಪ್ರಶ್ನೆ ಬಗೆಹರಿಯುವವರೆಗೂ, ಮೂರು ಸಾಲಿನ ಈ ಕ್ರಮವನ್ನು ಕಟ್ಟುನಿಟ್ಟಾದ ಅರ್ಥದಲ್ಲಿ ಅಲ್ಗಾರಿದಮ್ ಎನ್ನಬಹುದೇ ಎಂಬುದೂ ಬಗೆಹರಿಯದು.

ಸಮಸ್ಯೆಯಿಂದ ವಿಧಾನಕ್ಕೆ

ಗಣಿತಜ್ಞ ಜಾರ್ಜ್ ಪೋಲ್ಯಾ 1945ರ ‘ಹೌ ಟು ಸಾಲ್ವ್ ಇಟ್’ ಪುಸ್ತಕದಲ್ಲಿ ಸಮಸ್ಯೆ ಬಿಡಿಸುವುದನ್ನು ನಾಲ್ಕು ಘಟ್ಟಗಳಾಗಿ ವಿಂಗಡಿಸಿದ: ಸಮಸ್ಯೆಯನ್ನು ಅರಿಯುವುದು, ಉಪಾಯ ಹೂಡುವುದು, ಅದನ್ನು ನಡೆಸುವುದು, ಹಿಂದಿರುಗಿ ನೋಡುವುದು. ಹೊಸಬರು ಮೊದಲನೆಯದನ್ನೂ ಕೊನೆಯದನ್ನೂ ಹಾರಿಸಿಬಿಡುವುದು ಸಾಮಾನ್ಯ.

ಜಗಲಿಯ ಉದಾಹರಣೆಗೆ ಮರಳೋಣ. ಉದ್ದ 252 ಸೆಂ.ಮೀ., ಅಗಲ 105 ಸೆಂ.ಮೀ. ಕತ್ತರಿಸದೆ ಹಾಸಬಹುದಾದ ಅತಿ ದೊಡ್ಡ ಚೌಕ ಟೈಲ್ಸ್ ಎಷ್ಟು ಸೆಂ.ಮೀ.ನದು? ಟೈಲ್ಸಿನ ಬದಿ ಎರಡೂ ಅಳತೆಗಳನ್ನು ಶೇಷವಿಲ್ಲದೆ ಭಾಗಿಸಬೇಕು, ಹಾಗೆ ಭಾಗಿಸುವವುಗಳಲ್ಲಿ ದೊಡ್ಡದಾಗಿರಬೇಕು. ಇಷ್ಟು ಅರಿವಾದ ಕೂಡಲೆ ಮನೆಗೆಲಸದ ಪ್ರಶ್ನೆ ಮ.ಸಾ.ಅ. ಲೆಕ್ಕವಾಗುತ್ತದೆ. ಕೊಟ್ಟಿರುವುದು ಎರಡು ಪೂರ್ಣಾಂಕಗಳು, ಬೇಕಾದದ್ದು ಒಂದು.

ಉಪಾಯ ಯೂಕ್ಲಿಡನದು. 105 ಸೆಂ.ಮೀ. ಬದಿಯ ಚೌಕಗಳನ್ನು ಉದ್ದಕ್ಕೆ ಇಟ್ಟರೆ ಎರಡು ಹಿಡಿದು 42 ಸೆಂ.ಮೀ. ಪಟ್ಟಿ ಉಳಿಯುತ್ತದೆ. 105 × 42ರ ಆ ಪಟ್ಟಿಯಲ್ಲಿ 42ರ ಎರಡು ಚೌಕಗಳು ಹೋದ ಮೇಲೆ ಉಳಿಯುವುದು 21. 42 × 21ರ ತುಂಡಿನಲ್ಲಿ 21ರ ಎರಡು ಚೌಕಗಳು ಸರಿಯಾಗಿ ಕೂರುತ್ತವೆ, ಏನೂ ಉಳಿಯುವುದಿಲ್ಲ. ಉತ್ತರ 21 ಸೆಂ.ಮೀ. ಉದ್ದಕ್ಕೆ 12, ಅಗಲಕ್ಕೆ 5, ಒಟ್ಟು 60 ಟೈಲ್ಸ್.

ಮೂರು ರಚನೆಗಳು

ಎಷ್ಟೇ ಜಟಿಲವಾದ ಅಲ್ಗಾರಿದಮನ್ನೂ ಮೂರು ಬಗೆಯ ಜೋಡಣೆಗಳಿಂದ ಕಟ್ಟಬಹುದು. ಒಂದರ ನಂತರ ಒಂದು ಹಂತ ನಡೆಯುವುದು ಅನುಕ್ರಮ. ಷರತ್ತನ್ನು ನೋಡಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುವುದು ಆಯ್ಕೆ. ಷರತ್ತು ಇರುವವರೆಗೂ ಅದೇ ಹಂತಗಳನ್ನು ಮತ್ತೆ ಮತ್ತೆ ಮಾಡುವುದು ಪುನರಾವರ್ತನೆ, ಅಂದರೆ ಲೂಪ್. ಇಷ್ಟು ಸಾಕೆಂಬುದನ್ನು ಇಟಲಿಯ ಕೊರಾಡೊ ಬೋಮ್ ಮತ್ತು ಜುಸೆಪ್ಪೆ ಜಾಕೊಪಿನಿ 1966ರಲ್ಲಿ ಸಾಧಿಸಿ ತೋರಿಸಿದರು. ಪ್ರೋಗ್ರಾಮಿನೊಳಗೆ ಎಲ್ಲಿಂದ ಎಲ್ಲಿಗೆ ಬೇಕಾದರೂ ಜಿಗಿಯಲು ಬಿಡುವ ‘ಗೋ ಟು’ ಆದೇಶ ಹಾನಿಕರವೆಂದು ಎಡ್ಸ್‌ಖರ್ ಡೈಕ್‌ಸ್ಟ್ರಾ 1968ರಲ್ಲಿ ಬರೆದ ಪತ್ರ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಜಿಗಿತಗಳಿಲ್ಲದ, ರಚನಾಬದ್ಧ ಪ್ರೋಗ್ರಾಮಿಂಗ್ ಶೈಲಿ ನೆಲೆಯೂರಿದ್ದು ಇದರ ಬೆನ್ನಲ್ಲೇ.

ಫ್ಲೋಚಾರ್ಟ್

ಕೆಲಸದ ಹರಿವನ್ನು ಚಿತ್ರವಾಗಿಸುವ ಪದ್ಧತಿ ಕಂಪ್ಯೂಟರಿನದಲ್ಲ, ಕಾರ್ಖಾನೆಯದು. ಕೆಲಸದ ಚಲನವಲನಗಳನ್ನು ಅಧ್ಯಯನ ಮಾಡುತ್ತಿದ್ದ ಫ್ರಾಂಕ್ ಮತ್ತು ಲಿಲಿಯನ್ ಗಿಲ್‌ಬ್ರೆತ್ ದಂಪತಿ 1921ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ‘ಪ್ರೋಸೆಸ್ ಚಾರ್ಟ್’ಗಳನ್ನು ಮಂಡಿಸಿದರು. ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್ಮನ್ 1947ರ ವರದಿಯಲ್ಲಿ ಇಂಥ ನಕ್ಷೆಗಳನ್ನು ಎಲೆಕ್ಟ್ರಾನಿಕ್ ಕಂಪ್ಯೂಟರಿನ ಲೆಕ್ಕಗಳಿಗೆ ಅಳವಡಿಸಿದರು. ಚಿಹ್ನೆಗಳಿಗೆ 1985ರಲ್ಲಿ ಐಎಸ್‌ಒ 5807 ಎಂಬ ಅಂತರರಾಷ್ಟ್ರೀಯ ಮಾನಕ ಬಂತು.

ಹೊಸಬರಿಗೆ ಬೇಕಾದ ಚಿಹ್ನೆಗಳು ಕೆಲವೇ:

ಅಂಡಾಕಾರ: ಆರಂಭ ಮತ್ತು ಅಂತ್ಯ.
ಸಮಾಂತರ ಚತುರ್ಭುಜ: ಮಾಹಿತಿ ಓದುವುದು, ಉತ್ತರ ಬರೆಯುವುದು.
ಆಯತ: ಲೆಕ್ಕ ಅಥವಾ ಬೇರೆ ಯಾವುದೇ ಕ್ರಿಯೆ.
ವಜ್ರಾಕೃತಿ: ಹೌದು-ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ.
ಬಾಣ: ಹರಿವಿನ ದಿಕ್ಕು.
ಚಿಕ್ಕ ವೃತ್ತ: ನಕ್ಷೆ ಬೇರೆಡೆ ಮುಂದುವರಿಯುವಾಗ ಕೊಂಡಿ.

ಹರಿವು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ. ವಜ್ರದಿಂದ ಹೊರಡುವ ಪ್ರತಿ ಬಾಣದ ಮೇಲೂ ಅದು ಯಾವ ಉತ್ತರದ ದಾರಿ ಎಂದು ಬರೆದಿರಬೇಕು. ಕೊನೆ ಮುಟ್ಟದ ಬಾಣ ಕಂಡರೆ ಅಲ್ಲೊಂದು ತೆರಪಿದೆ ಎಂದೇ ಅರ್ಥ.

ಆಯ್ಕೆಗೆ ಒಳ್ಳೆಯ ಉದಾಹರಣೆ ಅಧಿಕ ವರ್ಷದ ನಿಯಮ. 1582ರಲ್ಲಿ ಜಾರಿಗೆ ಬಂದ ಗ್ರೆಗೋರಿಯನ್ ಪಂಚಾಂಗದಂತೆ ನಾಲ್ಕರಿಂದ ಭಾಗವಾಗುವ ವರ್ಷಕ್ಕೆ ಫೆಬ್ರವರಿ 29 ಇದೆ. ಆದರೆ ನೂರರಿಂದ ಭಾಗವಾಗುವ ವರ್ಷಗಳಿಗೆ ಇಲ್ಲ. ಅವುಗಳಲ್ಲೂ ನಾನೂರರಿಂದ ಭಾಗವಾಗುವವಕ್ಕೆ ಇದೆ. ನಕ್ಷೆಯಲ್ಲಿ ‘ಆರಂಭ’ದ ಅಂಡಾಕಾರ, ಅದರ ಕೆಳಗೆ ‘ವರ್ಷವನ್ನು ಓದು’ ಎಂಬ ಚತುರ್ಭುಜ. ನಂತರ ಮೊದಲ ವಜ್ರ: 400ರಿಂದ ಭಾಗವಾಗುತ್ತದೆಯೇ? ಹೌದಾದರೆ ಬಾಣ ‘ಅಧಿಕ ವರ್ಷ’ ಎಂದು ಬರೆಯುವ ಚತುರ್ಭುಜಕ್ಕೆ. ಇಲ್ಲವಾದರೆ ಎರಡನೆಯ ವಜ್ರ: 100ರಿಂದ? ಹೌದಾದರೆ ‘ಸಾಮಾನ್ಯ ವರ್ಷ’. ಇಲ್ಲವಾದರೆ ಮೂರನೆಯದು: 4ರಿಂದ? ಹೌದಾದರೆ ‘ಅಧಿಕ’, ಇಲ್ಲವಾದರೆ ‘ಸಾಮಾನ್ಯ’. ಎಲ್ಲ ದಾರಿಗಳೂ ‘ಅಂತ್ಯ’ದಲ್ಲಿ ಕೂಡುತ್ತವೆ.

ಇಲ್ಲಿ ಪ್ರಶ್ನೆಗಳ ಕ್ರಮವೇ ಮುಖ್ಯ. ನಾಲ್ಕರ ಪ್ರಶ್ನೆಯನ್ನು ಮೊದಲು ಕೇಳಿ ‘ಹೌದು’ ಎಂದ ಕೂಡಲೆ ಉತ್ತರ ಬರೆದರೆ 2000, 2024 ಸರಿಯಾಗಿಯೇ ಬಂದು, 1900 ತಪ್ಪಾಗುತ್ತದೆ. ಲೋಟಸ್ 1-2-3 ಸ್ಪ್ರೆಡ್‌ಶೀಟ್ 1900ನ್ನು ಅಧಿಕ ವರ್ಷವೆಂದೇ ಎಣಿಸುತ್ತಿತ್ತು. ಅದರ ಕಡತಗಳೊಂದಿಗೆ ಹೊಂದಿಕೊಳ್ಳಲೆಂದು ಮೈಕ್ರೋಸಾಫ್ಟ್ ಎಕ್ಸೆಲ್ ಕೂಡ ಆ ತಪ್ಪನ್ನು ಉಳಿಸಿಕೊಂಡಿತು. ಎಂದೂ ಇಲ್ಲದಿದ್ದ 1900ರ ಫೆಬ್ರವರಿ 29 ಅಲ್ಲಿ ಇಂದಿಗೂ ಒಂದು ದಿನ.

ಫ್ಲೋಚಾರ್ಟಿನ ಬಲ ಕವಲುಗಳನ್ನು ಒಂದೇ ನೋಟಕ್ಕೆ ತೋರಿಸುವುದು. ದೌರ್ಬಲ್ಯ ಅದರ ವಿಸ್ತಾರ: ಹತ್ತಿಪ್ಪತ್ತು ಚಿಹ್ನೆ ದಾಟಿದರೆ ಪುಟ ಸಾಲದು, ನಡುವೆ ಒಂದು ಹಂತ ಸೇರಿಸಬೇಕಾದರೆ ಇಡೀ ಚಿತ್ರ ಮತ್ತೆ ಬರೆಯಬೇಕು. ಬಾಣ ಎಲ್ಲಿಗೆ ಬೇಕಾದರೂ ಹೋಗಬಹುದಾದ್ದರಿಂದ ‘ಗೋ ಟು’ವಿನ ಗೋಜಲೂ ಮರಳುತ್ತದೆ. ಇದನ್ನು ತಡೆಯಲು ಐಸಾಕ್ ನಾಸಿ ಮತ್ತು ಬೆನ್ ಶ್ನೈಡರ್‌ಮನ್ 1973ರಲ್ಲಿ ಬಾಣಗಳೇ ಇಲ್ಲದ, ಪೆಟ್ಟಿಗೆಯೊಳಗೆ ಪೆಟ್ಟಿಗೆ ಕೂರಿಸುವ ನಕ್ಷೆ ರೂಪಿಸಿದರು. ವಿವರವಾದ ಫ್ಲೋಚಾರ್ಟುಗಳಿಂದ ಪ್ರೋಗ್ರಾಮರುಗಳಿಗೆ ಹೇಳಿಕೊಳ್ಳುವ ಲಾಭ ಕಾಣಲಿಲ್ಲವೆಂದು ಶ್ನೈಡರ್‌ಮನ್ ಮತ್ತು ಸಂಗಡಿಗರ 1977ರ ಪ್ರಯೋಗಗಳು ಹೇಳಿದವು. ಡೇವಿಡ್ ಸ್ಕ್ಯಾನ್ಲನ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಾದರೋ ವಿದ್ಯಾರ್ಥಿಗಳು ಅಲ್ಗಾರಿದಮನ್ನು ಅರ್ಥಮಾಡಿಕೊಳ್ಳಲು ಸೂಡೋಕೋಡಿಗಿಂತ ರಚನಾಬದ್ಧ ಫ್ಲೋಚಾರ್ಟೇ ಹೆಚ್ಚು ನೆರವಾಯಿತು. ನುರಿತವರಿಗೆ ಹೊರೆಯಾದದ್ದು ಕಲಿಯುವವರಿಗೆ ಊರುಗೋಲಾಗಬಹುದು.

ಸೂಡೋಕೋಡ್

ಸೂಡೋಕೋಡಿನ ಇಂದಿನ ರೂಢಿಗಳಿಗೆ ಮೂಲ ಆಲ್ಗಾಲ್ 60 ಭಾಷೆ. ಅಲ್ಗಾರಿದಮುಗಳನ್ನು ಮನುಷ್ಯರು ಓದುವಂತೆ ಪತ್ರಿಕೆಗಳಲ್ಲಿ ಪ್ರಕಟಿಸಲೂ ಅದು ಬಳಕೆಯಾಗುತ್ತಿತ್ತು. 1970ರಲ್ಲಿ ನಿಕ್ಲಾಸ್ ವಿರ್ತ್ ರೂಪಿಸಿದ ಪ್ಯಾಸ್ಕಲ್ ಆ ಶೈಲಿಯನ್ನು ತರಗತಿಗಳಿಗೆ ಕೊಂಡೊಯ್ದಿತು. ಸೂಡೋಕೋಡಿಗೆ ಏಕರೂಪದ ಮಾನಕವಿಲ್ಲ. ಒಂದು ಸಾಲಿಗೆ ಒಂದು ಕೆಲಸ, ಲೂಪಿನ ಅಥವಾ ಷರತ್ತಿನ ಒಳಗಿರುವ ಸಾಲುಗಳನ್ನು ಒಳಕ್ಕೆ ಸರಿಸಿ ಬರೆಯುವುದು, ಬೆಲೆ ತುಂಬುವುದನ್ನು ಬಾಣದಿಂದ ತೋರಿಸುವುದು, ಇವಿಷ್ಟು ಸಾಮಾನ್ಯ ಶಿಸ್ತು. ಜಗಲಿಯ ಲೆಕ್ಕ ಹೀಗಾಗುತ್ತದೆ:

ಆರಂಭ
  ಓದು: ಅ, ಬ
  ಬ ಸೊನ್ನೆಯಲ್ಲದಿರುವವರೆಗೆ ಮಾಡು
    ಶೇಷ ← ಅ-ವನ್ನು ಬ-ದಿಂದ ಭಾಗಿಸಿದಾಗ ಉಳಿಯುವುದು
    ಅ ← ಬ
    ಬ ← ಶೇಷ
  ಲೂಪ್ ಮುಗಿಯಿತು
  ಬರೆ: ಅ
ಅಂತ್ಯ

ಬಾಣದ ಗುರುತನ್ನು ಗಣಿತದ ಸಮಚಿಹ್ನೆಯೆಂದು ತಿಳಿಯಬಾರದು. ‘ಅ ← ಬ’ ಎಂದರೆ ಬ-ದಲ್ಲಿರುವ ಬೆಲೆಯ ಪ್ರತಿಯನ್ನು ಅ-ದಲ್ಲಿಡು ಎಂಬ ಆಜ್ಞೆ. ಅ-ದಲ್ಲಿದ್ದ ಹಳೆಯ ಬೆಲೆ ಅಳಿಸಿಹೋಗುತ್ತದೆ. ಶೇಷಕ್ಕೆಂದೇ ಒಂದು ಚರವನ್ನು ಇಟ್ಟಿರುವುದು ಇದಕ್ಕಾಗಿ. ಅದನ್ನು ಬಿಟ್ಟು ಮೊದಲು ‘ಅ ← ಬ’ ಬರೆದು, ಆಮೇಲೆ ಶೇಷ ತೆಗೆಯಲು ಹೋದರೆ 105ನ್ನು 105ರಿಂದಲೇ ಭಾಗಿಸಿದಂತಾಗಿ, ಶೇಷ ಸೊನ್ನೆಯಾಗಿ, ಉತ್ತರ 105 ಎಂದು ಬರುತ್ತದೆ. ಯಂತ್ರ ಯಾವ ದೋಷವನ್ನೂ ವರದಿ ಮಾಡುವುದಿಲ್ಲ. ಜಗಲಿಗೆ ಮಾತ್ರ ಟೈಲ್ಸ್ ಹೊಂದುವುದಿಲ್ಲ.

ಕಾಗದದ ಮೇಲೆ ಪರೀಕ್ಷೆ

ಇಂಥ ತಪ್ಪನ್ನು ಹಿಡಿಯುವ ಸರಳ ಉಪಾಯ ‘ಡ್ರೈ ರನ್’. ಪ್ರತಿ ಚರಕ್ಕೆ ಒಂದು ಕಾಲಂ ಹಾಕಿ, ಕಂಪ್ಯೂಟರಿನಂತೆ ಏನನ್ನೂ ಊಹಿಸದೆ ಸಾಲು ಸಾಲಾಗಿ ಬೆಲೆಗಳನ್ನು ಬರೆಯುತ್ತ ಹೋಗುವುದು:

ಮೊದಲ ಸುತ್ತು: ಶೇಷ 42, ಅ 105, ಬ 42
ಎರಡನೆಯ ಸುತ್ತು: ಶೇಷ 21, ಅ 42, ಬ 21
ಮೂರನೆಯ ಸುತ್ತು: ಶೇಷ 0, ಅ 21, ಬ 0

ಬ ಸೊನ್ನೆಯಾಯಿತು, ಲೂಪ್ ನಿಂತಿತು, ಉತ್ತರ 21. ಸುಲಭದ ಬೆಲೆಗಳಿಂದ ತೃಪ್ತರಾಗದೆ ಅಂಚಿನವುಗಳನ್ನೂ ಕೊಟ್ಟು ನೋಡಬೇಕು. ಚಿಕ್ಕ ಸಂಖ್ಯೆಯನ್ನೇ ಮೊದಲು ಕೊಟ್ಟರೆ? 105ನ್ನು 252ರಿಂದ ಭಾಗಿಸಿದರೆ ಶೇಷ 105. ಮೊದಲ ಸುತ್ತಿನಲ್ಲೇ ಎರಡೂ ಸ್ಥಾನ ಬದಲಿಸಿಕೊಂಡು ಕೆಲಸ ಸರಿದಾರಿಗೆ ಬರುತ್ತದೆ. ಎರಡೂ ಸೊನ್ನೆಯಾದರೆ? ಈ ಕ್ರಮ ‘0’ ಎಂದು ಬರೆಯುತ್ತದೆ, ಆದರೆ ಸೊನ್ನೆ ಅಳತೆಯ ಜಗಲಿಯೇ ಇಲ್ಲ. ಓದಿದ ಕೂಡಲೆ ಅಂಥ ಆದಾನವನ್ನು ತಿರಸ್ಕರಿಸುವ ಷರತ್ತೊಂದನ್ನು ಸೇರಿಸಬೇಕು. ಪೋಲ್ಯಾ ಹೇಳಿದ ‘ಹಿಂದಿರುಗಿ ನೋಡುವುದು’ ಇದೇ.

ಸರಿಯಾದದ್ದು, ವೇಗವಾದದ್ದು

ಒಂದೇ ಸಮಸ್ಯೆಗೆ ಹಲವು ಸರಿಯಾದ ಅಲ್ಗಾರಿದಮುಗಳಿರುತ್ತವೆ; ಶ್ರಮ ಮಾತ್ರ ಬೇರೆ ಬೇರೆ. ಯೂಕ್ಲಿಡನ ಕ್ರಮದಲ್ಲಿ ಬೇಕಾಗುವ ಭಾಗಾಕಾರಗಳು ಚಿಕ್ಕ ಸಂಖ್ಯೆಯ ಅಂಕಿಗಳ ಐದರಷ್ಟನ್ನು ಮೀರುವುದಿಲ್ಲವೆಂದು ಗೇಬ್ರಿಯಲ್ ಲಾಮೆ 1844ರಲ್ಲಿ ಸಾಧಿಸಿದ. 105ಕ್ಕೆ ಮೂರು ಅಂಕಿ, ಮಿತಿ 15, ಹಿಡಿದದ್ದು ಮೂರೇ.

ನಿಘಂಟಿನಲ್ಲಿ ಪದ ಹುಡುಕುವುದು ಇನ್ನೊಂದು ನಿದರ್ಶನ. ಮಂಗಳೂರಿನಲ್ಲಿ 1894ರಲ್ಲಿ ಪ್ರಕಟವಾದ ಕಿಟೆಲ್ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಮೊದಲ ಪದದಿಂದ ಒಂದೊಂದಾಗಿ ನೋಡುತ್ತ ಹೋದರೆ ಕೆಟ್ಟ ಸಂದರ್ಭದಲ್ಲಿ ಅಷ್ಟೂ ಪದಗಳನ್ನು ನೋಡಬೇಕು. ನಡುವಿನ ಪದವನ್ನು ನೋಡಿ, ಬೇಕಾದದ್ದು ಅದರ ಹಿಂದಿದೆಯೋ ಮುಂದಿದೆಯೋ ತಿಳಿದು, ಪ್ರತಿಸಲ ಅರ್ಧವನ್ನು ಕೈಬಿಟ್ಟರೆ 17 ನೋಟಗಳು ಸಾಕು. 2ನ್ನು 17 ಬಾರಿ ಗುಣಿಸಿದರೆ 1,31,072, ಅಷ್ಟರೊಳಗೆ 70,000 ಅಡಗುತ್ತದೆ. ಬೈನರಿ ಸರ್ಚ್ ಎಂಬ ಈ ವಿಧಾನ ನಡೆಯುವುದು ಪದಗಳು ಅಕಾರಾದಿಯಾಗಿದ್ದರೆ ಮಾತ್ರ. ಆ ಪೂರ್ವಷರತ್ತನ್ನು ಬರೆಯಲು ಮರೆತರೆ ಅಲ್ಗಾರಿದಮೇ ಅಪೂರ್ಣ.

ಹೀಗೆ ನಾಲ್ಕು ಮಾತಿನಲ್ಲಿ ಹೇಳಬಹುದಾದ ಕ್ರಮದಲ್ಲೂ ತೆರಪು ಅಡಗಿರುತ್ತದೆ. ಜಾವಾ ಭಾಷೆಯ ಗ್ರಂಥಾಲಯದಲ್ಲಿದ್ದ ಬೈನರಿ ಸರ್ಚ್ ವರ್ಷಗಟ್ಟಲೆ ಬಳಕೆಯಲ್ಲಿತ್ತು; ಅದರಲ್ಲೊಂದು ದೋಷವಿದೆಯೆಂದು ಜೋಶುವಾ ಬ್ಲಾಕ್ 2006ರಲ್ಲಿ ಬರೆದ. ನಡುವನ್ನು ಕಾಣಲು ಎರಡು ಅಂಚುಗಳನ್ನು ಕೂಡಿ ಅರ್ಧ ಮಾಡುವಾಗ, ಪಟ್ಟಿ ತೀರ ದೊಡ್ಡದಾದರೆ ಮೊತ್ತ 2,14,74,83,647ನ್ನು ದಾಟಿ ಋಣಸಂಖ್ಯೆಯಾಗುತ್ತಿತ್ತು. ಕಾಗದದ ಗಣಿತದಲ್ಲಿ ಸಂಖ್ಯೆಗೆ ಮಿತಿಯಿಲ್ಲ, ಯಂತ್ರದಲ್ಲಿದೆ. ಸೂಡೋಕೋಡ್ ಸರಿಯಿದ್ದರೂ ಪ್ರೋಗ್ರಾಮು ತಪ್ಪಬಹುದೆಂಬುದಕ್ಕೆ ಇದು ಸಾಕ್ಷಿ.

ಎಲ್ಲ ಪ್ರಶ್ನೆಗಳಿಗೂ ಅಲ್ಗಾರಿದಮ್ ಇರುವುದಿಲ್ಲ ಎಂಬುದೂ ತಿಳಿದಿರಬೇಕು. ಯಾವುದೇ ಪ್ರೋಗ್ರಾಮನ್ನು ಮತ್ತು ಅದರ ಆದಾನವನ್ನು ನೋಡಿ, ಅದು ನಿಲ್ಲುವುದೋ ಕೊನೆಯಿಲ್ಲದೆ ಓಡುವುದೋ ಎಂದು ಎಲ್ಲ ಸಂದರ್ಭದಲ್ಲೂ ಸರಿಯಾಗಿ ಹೇಳುವ ಕ್ರಮ ಅಸಾಧ್ಯವೆಂಬುದು ಟ್ಯೂರಿಂಗನ 1936ರ ಪ್ರಬಂಧದಿಂದ ಹೊರಡುವ ತೀರ್ಮಾನ.

ಕಲಿಕೆಯಲ್ಲಿ

ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಕಂಪ್ಯೂಟರ್ ಸೈನ್ಸ್ ಪಠ್ಯ ಪೈಥಾನ್ ಭಾಷೆಗೆ ಕಾಲಿಡುವ ಮೊದಲು ಸಮಸ್ಯೆ ಬಿಡಿಸುವುದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಅಲ್ಗಾರಿದಮ್, ಫ್ಲೋಚಾರ್ಟ್, ಸೂಡೋಕೋಡ್ ಮೂರನ್ನೂ ಪರಿಚಯಿಸುತ್ತದೆ. ಪರೀಕ್ಷೆಗಾಗಿ ಆಕೃತಿಗಳ ಹೆಸರು ಕಂಠಪಾಠ ಮಾಡಿದರೆ ಈ ಅಧ್ಯಾಯದ ಉದ್ದೇಶ ಈಡೇರುವುದಿಲ್ಲ. ಕವಲು ಹೆಚ್ಚಿರುವ ಸಮಸ್ಯೆಗೆ ಚಿತ್ರ, ಲೂಪು ಹೆಚ್ಚಿರುವುದಕ್ಕೆ ಸಾಲುಗಳು ಎಂದು ಸಾಧನವನ್ನು ಆರಿಸಿಕೊಳ್ಳುವುದು, ಎರಡನ್ನೂ ಡ್ರೈ ರನ್ನಿಗೆ ಒಡ್ಡುವುದು ರೂಢಿಯಾದಾಗಲೇ ಅದು ಫಲಿಸುತ್ತದೆ.

ಸೂಡೋಕೋಡನ್ನು ಯಾವ ಕಂಪೈಲರೂ ಓದುವುದಿಲ್ಲ. ಆದ್ದರಿಂದ ಅದು ಇಂಗ್ಲಿಷಿನಲ್ಲೇ ಇರಬೇಕೆಂಬ ಕಟ್ಟಳೆಯೂ ಇಲ್ಲ. ಮೇಲಿನ ಒಂಬತ್ತು ಸಾಲುಗಳನ್ನು ಪೈಥಾನಿಗೋ ಸಿ ಭಾಷೆಗೋ ಹೊರಳಿಸಲು ಆ ಭಾಷೆ ಬಲ್ಲವರಿಗೆ ಕೆಲವು ನಿಮಿಷ ಸಾಕು. ಶೇಷವನ್ನು ಮೊದಲು ಎತ್ತಿಡಬೇಕು ಎಂಬ ವಿವೇಕ ಮಾತ್ರ ಅದಕ್ಕೂ ಮೊದಲು, ಕಲಿಯುವವರು ತಾವು ಯೋಚಿಸುವ ಭಾಷೆಯಲ್ಲಿ ಮೂಡಬೇಕು. ಲೆಕ್ಕದ ಕ್ರಮವನ್ನು ಕನ್ನಡದಲ್ಲಿ ಸೂತ್ರವಾಗಿಸಿ, ಕೆಳಗೆ ಉದಾಹರಣೆ ಬಿಡಿಸಿ ತೋರಿಸುವ ರೂಢಿ ರಾಜಾದಿತ್ಯನ ಕಾಲದ್ದು.